ಫಂಕ್ಷನ್ ಅಂದರೆ ಮದುವೆಯಲ್ಲ

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ಕಂಪ್ಯೂಟರ್ ಸೈನ್ಸ್ ರೆಕಾರ್ಡ್ ಬರೆಯುತ್ತಾ ಕುಳಿತಿದ್ದೆ. ಅಮ್ಮಿ ಬಂದು ಇನ್ನೂ ಯಾಕೆ ಮಲಗಿಲ್ಲ ಎಂದು ಕೇಳಿದರು. "ಫಂಕ್ಷನ್ ಇದೆ ಅಮ್ಮಿ, ನಾಳೆ ತೋರಿಸಬೇಕು" ಎಂದೆ. "ಯಾರ ಮನೆಯಲ್ಲಿ? ನನಗೆ ಯಾರೂ ಹೇಳಲೇ ಇಲ್ಲವಲ್ಲ!" ಎಂದು ಅಮ್ಮಿ ಗಾಬರಿಯಾದರು. ನಮ್ಮ ಮನೆಯ ಉರ್ದುವಿನಲ್ಲಿ ಫಂಕ್ಷನ್ ಅಂದರೆ ನಿಕಾಹ್, ವಲೀಮಾ, ಅಕೀಕಾ. ಪಕ್ಕದ ಮನೆಯ ಕನ್ನಡದಲ್ಲೂ ಫಂಕ್ಷನ್ ಅಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಕಂಪ್ಯೂಟರಿಗೂ ಫಂಕ್ಷನ್ ಇರುತ್ತದೆ ಎಂದರೆ ಯಾರು ನಂಬುತ್ತಾರೆ?

ಅಮ್ಮಿಗೆ ಅರ್ಥವಾಗುವಂತೆ ಹೇಳಲು ಆ ರಾತ್ರಿ ನನ್ನಿಂದ ಆಗಲಿಲ್ಲ. ಪುಸ್ತಕದ ವ್ಯಾಖ್ಯಾನವೇನೋ ಬಾಯಿಪಾಠ ಇತ್ತು: ಒಂದು ನಿರ್ದಿಷ್ಟ ಕೆಲಸ ಮಾಡುವ, ಹೆಸರುಳ್ಳ, ಮತ್ತೆ ಮತ್ತೆ ಬಳಸಬಹುದಾದ ಸೂಚನೆಗಳ ಗುಂಪು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಅದು ಯಾಕೆ ಬೇಕು ಎಂದು ನಾನು ಕಲಿತದ್ದು ಪುಸ್ತಕದಿಂದಲ್ಲ, ಅಬ್ಬಾ ಓಡಿಸುವ ಆಟೋದಿಂದ. ಅದೂ ಒಂದು ತಪ್ಪು ಮಾಡಿದ ಮೇಲೆ.

ಸಿಇಬಿಎ ತೆಗೆದುಕೊಂಡಿರುವ ಫಸ್ಟ್ ಪಿಯುಸಿಯ ಹಲವರು ಲ್ಯಾಬಿನಲ್ಲಿ ಕೇಳುತ್ತಾರೆ: "ಫಂಕ್ಷನ್ ಇಲ್ಲದೆಯೂ ಪ್ರೋಗ್ರಾಂ ಓಡುತ್ತದಲ್ಲ, ಮತ್ತೆ ಯಾಕೆ ಈ ತಲೆನೋವು?" ಒಂದು ವರ್ಷದ ಹಿಂದೆ ನಾನೂ ಹೀಗೆಯೇ ಕೇಳಿದ್ದೆ. ಅವರಿಗಾಗಿ ಈ ಲೇಖನ.

ಮೀಟರ್ ಏನು ಮಾಡುತ್ತದೆ?

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಬದಲಾಯಿತು. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಒಂದೂವರೆ ಪಟ್ಟು. ಅದಕ್ಕೆ ಮುಂಚೆ, 2021ರ ಡಿಸೆಂಬರಿನಿಂದ, ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ರೂಪಾಯಿ ಇತ್ತು. ಕಾಯುವ ಶುಲ್ಕ, ಲಗೇಜಿನ ಶುಲ್ಕ ಬೇರೆ ಇವೆ. ಲೆಕ್ಕ ಸುಲಭವಾಗಲಿ ಎಂದು ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಈಗ ಒಬ್ಬರು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಆಟೋ ಹತ್ತಿ 6 ಕಿಲೋಮೀಟರ್ ಹೋದರು ಎಂದುಕೊಳ್ಳಿ. ಮೊದಲ 2 ಕಿಲೋಮೀಟರಿಗೆ 36. ಉಳಿದ 4 ಕಿಲೋಮೀಟರಿಗೆ 18ರಂತೆ 72. ಒಟ್ಟು 108 ರೂಪಾಯಿ. ರಾತ್ರಿಯಾದರೆ ಅದರ ಒಂದೂವರೆ ಪಟ್ಟು, ಅಂದರೆ 162 ರೂಪಾಯಿ. ಇನ್ನೊಬ್ಬರು 4 ಕಿಲೋಮೀಟರ್ ಹೋದರು. ಅವರಿಗೆ ಹಗಲಿನಲ್ಲಿ 72 ರೂಪಾಯಿ. ಪ್ರಯಾಣಿಕರು ಬೇರೆ, ದೂರ ಬೇರೆ, ಹಣ ಬೇರೆ. ಆದರೆ ಲೆಕ್ಕದ ನಿಯಮ ಮಾತ್ರ ಒಂದೇ.

ಆಟೋದ ಮೀಟರಿನೊಳಗೆ ಇರುವುದು ಈ ನಿಯಮ. ದೂರ ಒಳಗೆ ಹೋಗುತ್ತದೆ, ಹಣದ ಮೊತ್ತ ಹೊರಗೆ ಬರುತ್ತದೆ. ಒಳಗೆ ಹೇಗೆ ಲೆಕ್ಕ ನಡೆಯುತ್ತದೆ ಎಂದು ಹಿಂದೆ ಕುಳಿತವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅದನ್ನು ಒಮ್ಮೆ ಪರೀಕ್ಷಿಸಿ ಮುದ್ರೆ ಹಾಕಿರುತ್ತಾರೆ. ಆಮೇಲೆ "ಮೀಟರ್ ಹಾಕಿ" ಎಂದರೆ ಸಾಕು.

ಪ್ರೋಗ್ರಾಮಿನಲ್ಲಿ ಫಂಕ್ಷನ್ ಎಂದರೆ ಇಂಥದ್ದೇ ಒಂದು ಮೀಟರ್. ಅದರಲ್ಲಿ ನಾಲ್ಕು ಭಾಗ ಇರುತ್ತವೆ. ಒಂದು, ಹೆಸರು. ಎರಡು, ಒಳಗೆ ಹೋಗುವ ಮಾಹಿತಿ. ಮೂರು, ಒಳಗಿನ ಲೆಕ್ಕ. ನಾಲ್ಕು, ಹೊರಗೆ ಬರುವ ಉತ್ತರ.

ನಾನು ಮಾಡಿದ ತಪ್ಪು

ಹೊಸ ದರ ಬಂತೆಂದು ಎಲ್ಲ ಮೀಟರುಗಳೂ ಒಂದೇ ದಿನ ಬದಲಾಗುವುದಿಲ್ಲ. ಮೀಟರನ್ನು ಹೊಸ ದರಕ್ಕೆ ಹೊಂದಿಸಬೇಕು, ಪರೀಕ್ಷೆ ಮಾಡಿಸಬೇಕು, ಮತ್ತೆ ಮುದ್ರೆ ಹಾಕಿಸಬೇಕು. ಅಷ್ಟು ದಿನ ಹೊಸ ದರದ ಪಟ್ಟಿ ನೋಡಿಕೊಂಡೇ ಹಣ ತೆಗೆದುಕೊಳ್ಳಬೇಕಾಗಿತ್ತು. ಅಬ್ಬಾಗೆ ಕನ್ನಡ ಮಾತು ನೀರಿನಂತೆ ಬರುತ್ತದೆ, ಆದರೆ ಓದುವುದು ನಿಧಾನ. "ದೊಡ್ಡ ಅಂಕಿಯಲ್ಲಿ, ಉರ್ದುವಿನಲ್ಲಿ ಒಂದು ಪಟ್ಟಿ ಮಾಡಿಕೊಡು, ರಾತ್ರಿ ಲೈಟಿನಲ್ಲೂ ಕಾಣಬೇಕು" ಎಂದರು.

ಹಳೆಯ ದರಕ್ಕೆ ನಾನು ಅಭ್ಯಾಸಕ್ಕೆಂದು ಬರೆದ ಒಂದು ಪ್ರೋಗ್ರಾಂ ಮೊದಲೇ ಇತ್ತು. 1ರಿಂದ 15 ಕಿಲೋಮೀಟರಿನವರೆಗೆ ಹಗಲು ಎಷ್ಟು, ರಾತ್ರಿ ಎಷ್ಟು ಎಂದು ಅದು ಪಟ್ಟಿ ಮಾಡುತ್ತಿತ್ತು. ಅದರಲ್ಲಿ ಫಂಕ್ಷನ್ ಇರಲಿಲ್ಲ. ಲೆಕ್ಕದ ಸಾಲುಗಳು ನಾಲ್ಕು ಕಡೆ ಇದ್ದವು. ಹಗಲು, 2 ಕಿಲೋಮೀಟರ್‌ವರೆಗೆ. ಹಗಲು, 2 ಕಿಲೋಮೀಟರಿಗಿಂತ ಹೆಚ್ಚು. ರಾತ್ರಿ, 2 ಕಿಲೋಮೀಟರ್‌ವರೆಗೆ. ರಾತ್ರಿ, ಅದಕ್ಕಿಂತ ಹೆಚ್ಚು. ಒಂದು ಸಾಲು ಬರೆದು ಅದನ್ನೇ ಕಾಪಿ ಮಾಡಿ ಉಳಿದ ಕಡೆ ಅಂಟಿಸಿದ್ದೆ. ಹಾಗೆ ಮಾಡಿದರೆ ಸಮಯ ಉಳಿಯುತ್ತದೆ ಎಂದುಕೊಂಡಿದ್ದೆ.

ಆಗಸ್ಟಿನಲ್ಲಿ ಕುಳಿತು 30 ಇದ್ದಲ್ಲಿ 36, 15 ಇದ್ದಲ್ಲಿ 18 ಎಂದು ಬದಲಾಯಿಸಿದೆ. ಮೂರು ಕಡೆ ಬದಲಾಯಿಸಿದೆ, ನಾಲ್ಕನೆಯದು ಕಣ್ಣು ತಪ್ಪಿತು. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸಲಿಲ್ಲ. ತೋರಿಸಲು ಅದಕ್ಕೆ ಕಾರಣವೂ ಇರಲಿಲ್ಲ. 30 ಕೂಡ ಒಂದು ಸಂಖ್ಯೆಯೇ, 36 ಕೂಡ ಒಂದು ಸಂಖ್ಯೆಯೇ. ಪಟ್ಟಿಯ ಮೊದಲ ಎರಡು ಸಾಲು ನೋಡಿದೆ, ಹಗಲು 36, ರಾತ್ರಿ 54 ಎಂದು ಸರಿಯಾಗಿ ಬಂದಿತ್ತು. ಖುಷಿಯಿಂದ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಕೊಟ್ಟೆ.

ರಾತ್ರಿಯ ಪಟ್ಟಿಯಲ್ಲಿ 3ನೇ ಕಿಲೋಮೀಟರಿನಿಂದ ಮುಂದೆ ಎಲ್ಲವೂ ಹಳೆಯ ದರ. 6 ಕಿಲೋಮೀಟರಿಗೆ 162 ಬರಬೇಕಾದ ಕಡೆ 135 ಎಂದಿತ್ತು. ಅಬ್ಬಾ ಓಡಿಸುವುದು ಹೆಚ್ಚಾಗಿ ರಾತ್ರಿಯಲ್ಲೇ, ತಡವಾಗಿ ಬರುವ ರೈಲುಗಳ ಬಾಡಿಗೆಗೆ. ಹನ್ನೆರಡು ರಾತ್ರಿ ಅವರು ಆ ಪಟ್ಟಿ ನೋಡಿಯೇ ಹಣ ತೆಗೆದುಕೊಂಡರು. ಹದಿಮೂರನೆಯ ದಿನ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಚಾಲಕರು ಪಟ್ಟಿಯನ್ನು ನೋಡಿ, "ಭಾಯಿ, ನೀವು ಹಳೇ ರೇಟಿಗೆ ಯಾಕೆ ಓಡಿಸ್ತಾ ಇದ್ದೀರಿ?" ಎಂದು ಕೇಳಿದರಂತೆ.

ಮನೆಗೆ ಬಂದು ಲೆಕ್ಕ ಹಾಕಿದೆವು. ಒಂದು ಬಾಡಿಗೆಗೆ 20, 25 ರೂಪಾಯಿ, ರಾತ್ರಿಗೆ ಐದಾರು ಬಾಡಿಗೆ. ಹೆಚ್ಚುಕಡಿಮೆ ಒಂದೂವರೆ ಸಾವಿರ ಹೋಗಿತ್ತು. ತಂಗಿಯ ಟ್ಯೂಷನ್ ಫೀಸಿನಷ್ಟು. ನನಗೆ ತಲೆ ಎತ್ತಲು ಆಗಲಿಲ್ಲ. ಅಬ್ಬಾ ಬೈಯಲಿಲ್ಲ. "ಕಡಿಮೆ ತೆಗೆದುಕೊಂಡೆ, ಅದು ನನ್ನ ದುಡ್ಡು, ಬಿಟ್ಟುಬಿಡಬಹುದು. ಜಾಸ್ತಿ ತೆಗೆದುಕೊಂಡಿದ್ದರೆ? ರಾತ್ರಿ ಮೂರು ಗಂಟೆಗೆ ಇಳಿದು ಹೋದವರನ್ನು ಎಲ್ಲಿ ಹುಡುಕಿ ವಾಪಸ್ ಕೊಡಲಿ?" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಗಿತು.

ಒಂದು ನಿಯಮ, ಒಂದೇ ಜಾಗ

ಅವತ್ತು ರಾತ್ರಿಯೇ ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಓದಲು ಸುಲಭವಾಗಲಿ ಎಂದು ಇಲ್ಲಿ ಪೂರ್ತಿ ಕನ್ನಡ ಅಕ್ಷರದಲ್ಲೇ ಕೊಡುತ್ತಿದ್ದೇನೆ. ಭಾಷೆ ಪೈಥಾನ್.

ಡೆಫ್ ಬಾಡಿಗೆ(ದೂರ, ರಾತ್ರಿ):
    ಮೊತ್ತ = 36
    ಇಫ್ ದೂರ > 2:
        ಮೊತ್ತ = ಮೊತ್ತ + (ದೂರ - 2) * 18
    ಇಫ್ ರಾತ್ರಿ:
        ಮೊತ್ತ = ಮೊತ್ತ * 1.5
    ರಿಟರ್ನ್ ಮೊತ್ತ

ಲ್ಯಾಬಿನಲ್ಲಿ ಟೈಪ್ ಮಾಡುವಾಗ ಡೆಫ್, ಇಫ್, ರಿಟರ್ನ್ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಅವು ಪೈಥಾನಿನ ಸ್ವಂತ ಪದಗಳು. ಆದರೆ ಬಾಡಿಗೆ, ದೂರ, ರಾತ್ರಿ, ಮೊತ್ತ ಎಂಬ ಹೆಸರುಗಳು ನಾವು ಇಟ್ಟವು. ಪೈಥಾನ್ 3ರಲ್ಲಿ ಇಂಥ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಟ್ಟರೂ ಪ್ರೋಗ್ರಾಂ ಓಡುತ್ತದೆ. ಬೇಕಾದರೆ ಪ್ರಯತ್ನಿಸಿ ನೋಡಿ.

ಈಗ ಒಂದೊಂದೇ ಸಾಲು ನೋಡೋಣ. ಡೆಫ್ ಎಂದರೆ "ಇಲ್ಲಿಂದ ಒಂದು ಫಂಕ್ಷನ್ ಹೇಳಿಕೊಡುತ್ತೇನೆ ಕೇಳು" ಎಂದು ಕಂಪ್ಯೂಟರಿಗೆ ಹೇಳಿದಂತೆ. ಬಾಡಿಗೆ ಎಂಬುದು ಫಂಕ್ಷನ್ನಿನ ಹೆಸರು. ಆವರಣದೊಳಗಿನ ದೂರ ಮತ್ತು ರಾತ್ರಿ ಎಂಬವು ಒಳಗೆ ಬರುವ ಮಾಹಿತಿಗೆ ಖಾಲಿ ಬಿಟ್ಟ ಜಾಗಗಳು. ಅವುಗಳ ಕೆಳಗೆ ಸ್ವಲ್ಪ ಬಲಕ್ಕೆ ಸರಿಸಿ ಬರೆದ ಸಾಲುಗಳು ಒಳಗಿನ ಲೆಕ್ಕ. ಸಾಲು ಬಲಕ್ಕೆ ಸರಿದಿದ್ದರೆ ಮಾತ್ರ ಅದು ಫಂಕ್ಷನ್ನಿಗೆ ಸೇರಿದ್ದು ಎಂದು ಪೈಥಾನಿಗೆ ಗೊತ್ತಾಗುತ್ತದೆ. ಕೊನೆಯ ರಿಟರ್ನ್ ಸಾಲು ಉತ್ತರವನ್ನು ಹೊರಗೆ ಕೊಡುತ್ತದೆ.

ಒಂದು ಮುಖ್ಯ ಮಾತು. ಇಷ್ಟು ಬರೆದು ಓಡಿಸಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಅನೇಕರು ಇಲ್ಲೇ ಹೆದರುತ್ತಾರೆ. ಆಟೋಗೆ ಮೀಟರ್ ಜೋಡಿಸಿದ ಮಾತ್ರಕ್ಕೆ ಅದು ಓಡುವುದಿಲ್ಲ, ಮೀಟರ್ ಹಾಕಬೇಕು. ಫಂಕ್ಷನ್ ಬರೆಯುವುದು ಒಂದು ಕೆಲಸ, ಅದನ್ನು ಕರೆಯುವುದು ಇನ್ನೊಂದು. ಕರೆಯುವುದು ಹೀಗೆ:

ಪ್ರಿಂಟ್(ಬಾಡಿಗೆ(6, ಟ್ರೂ))

6 ದೂರದ ಜಾಗಕ್ಕೆ ಹೋಗುತ್ತದೆ, ಟ್ರೂ ಅಂದರೆ ಹೌದು ಎಂಬುದು ರಾತ್ರಿಯ ಜಾಗಕ್ಕೆ ಹೋಗುತ್ತದೆ. ಉತ್ತರ 162.0 ಎಂದು ಬರುತ್ತದೆ. ಹಗಲಾದರೆ ಟ್ರೂ ಬದಲು ಫಾಲ್ಸ್ ಎಂದು ಕೊಡಬೇಕು, ಆಗ 108 ಬರುತ್ತದೆ. 15 ಕಿಲೋಮೀಟರಿನ ಪೂರ್ತಿ ಪಟ್ಟಿಗೆ ಈಗ ಎರಡೇ ಸಾಲು ಸಾಕು:

ಫಾರ್ ದೂರ ಇನ್ ರೇಂಜ್(1, 16):
    ಪ್ರಿಂಟ್(ದೂರ, ಬಾಡಿಗೆ(ದೂರ, ಫಾಲ್ಸ್), ಬಾಡಿಗೆ(ದೂರ, ಟ್ರೂ))

ಈಗ 36 ಎಂಬ ಸಂಖ್ಯೆ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಕಡೆ ಇದೆ. 18 ಕೂಡ ಒಂದೇ ಕಡೆ ಇದೆ. ಮುಂದೆ ದರ ಮತ್ತೆ ಬದಲಾದರೆ ಎರಡು ಸಂಖ್ಯೆ ತಿದ್ದಿದರೆ ಆಯಿತು. ಹಗಲಿನ ಸಾಲು ಸರಿ, ರಾತ್ರಿಯ ಸಾಲು ತಪ್ಪು ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಸರಿಯಾದರೆ ಎಲ್ಲ ಕಡೆ ಸರಿ. ತಪ್ಪಾದರೂ ಎಲ್ಲ ಕಡೆ ತಪ್ಪು, ಹಾಗಾಗಿ ಬೇಗ ಕಣ್ಣಿಗೆ ಬೀಳುತ್ತದೆ. ಫಂಕ್ಷನ್ ಇರುವುದು ಟೈಪ್ ಮಾಡುವ ಶ್ರಮ ಉಳಿಸಲು ಎಂದು ನಾನು ಅಂದುಕೊಂಡಿದ್ದೆ. ಶ್ರಮ ಉಳಿಯುವುದು ನಿಜ, ಆದರೆ ದೊಡ್ಡ ಲಾಭ ಇದು: ನಿಯಮ ಬದಲಾದಾಗ ನೆನಪಿಟ್ಟುಕೊಳ್ಳಬೇಕಾದ ಜಾಗ ಒಂದೇ.

ತೋರಿಸುವುದು ಬೇರೆ, ಕೊಡುವುದು ಬೇರೆ

ಫಂಕ್ಷನ್ ಕಲಿಯುವಾಗ ಹೆಚ್ಚಿನವರು ಎಡವುವುದು ಪ್ರಿಂಟ್ ಮತ್ತು ರಿಟರ್ನ್ ನಡುವೆ. ನಾನೂ ಎಡವಿದೆ. ಮೊದಲು ಬರೆದಾಗ ಕೊನೆಯ ಸಾಲಿನಲ್ಲಿ ರಿಟರ್ನ್ ಬದಲು ಪ್ರಿಂಟ್ ಎಂದು ಹಾಕಿದ್ದೆ. ಪರದೆಯ ಮೇಲೆ 162.0 ಬಂತು, ಎಲ್ಲ ಸರಿ ಇದೆ ಎನಿಸಿತು. ಆಮೇಲೆ ದಿನದ ಒಟ್ಟು ಸಂಪಾದನೆ ಲೆಕ್ಕ ಹಾಕಲು ಮೂರು ಬಾಡಿಗೆಗಳನ್ನು ಕೂಡಿಸಿದೆ:

ಮೊತ್ತ = ಬಾಡಿಗೆ(4, ಫಾಲ್ಸ್) + ಬಾಡಿಗೆ(6, ಟ್ರೂ) + ಬಾಡಿಗೆ(2, ಫಾಲ್ಸ್)

ಉತ್ತರ ಬರಲಿಲ್ಲ, ಟೈಪ್ ಎರರ್ ಬಂತು. ಕಾರಣ ಸರಳ. ಪ್ರಿಂಟ್ ಎಂದರೆ ಮೊತ್ತವನ್ನು ನಮಗೆ ತೋರಿಸುವುದು ಅಷ್ಟೇ. ಅದು ಪ್ರೋಗ್ರಾಮಿನ ಕೈಗೆ ಏನನ್ನೂ ಕೊಡುವುದಿಲ್ಲ. ರಿಟರ್ನ್ ಇಲ್ಲದ ಫಂಕ್ಷನ್ ಕೊಡುವುದು "ಏನೂ ಇಲ್ಲ" ಎಂಬ ಅರ್ಥದ ಒಂದು ವಿಶೇಷ ಬೆಲೆಯನ್ನು, ಪೈಥಾನಿನಲ್ಲಿ ಅದಕ್ಕೆ ನನ್ ಎಂದು ಹೆಸರು. ಏನೂ ಇಲ್ಲಕ್ಕೆ ಏನೂ ಇಲ್ಲವನ್ನು ಕೂಡಿಸು ಎಂದರೆ ಕಂಪ್ಯೂಟರ್ ಹೇಗೆ ಕೂಡಿಸೀತು?

ಕಾಮರ್ಸಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಗ್ರಾಹಕರು ಐನೂರರ ನೋಟನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಕ್ಯಾಷ್ ಬುಕ್ಕಿನಲ್ಲಿ ಬರೆಯಲು ಆಗುವುದಿಲ್ಲ. ನೋಟು ಗಲ್ಲಾಪೆಟ್ಟಿಗೆಗೆ ಬಂದರೆ ಮಾತ್ರ ಬರೆಯಬಹುದು. ಪ್ರಿಂಟ್ ತೋರಿಸಿದ ನೋಟು, ರಿಟರ್ನ್ ಕೈಗೆ ಬಂದ ನೋಟು. ಪ್ರಿಂಟ್ ತೆಗೆದು ರಿಟರ್ನ್ ಹಾಕಿದ ಮೇಲೆ 72, 162, 36 ಕೂಡಿ 270 ಬಂತು.

ಮೇಲಿನ ಸಾಲಿನಲ್ಲಿ ಇನ್ನೊಂದು ವಿಷಯ ಗಮನಿಸಿದಿರಾ? ದಿನದ ಸಂಪಾದನೆಗೂ ಮೊತ್ತ ಎಂದು ಹೆಸರಿಟ್ಟೆ, ಫಂಕ್ಷನ್ನಿನ ಒಳಗೂ ಮೊತ್ತ ಎಂಬ ಹೆಸರಿದೆ. ಒಂದು ಇನ್ನೊಂದನ್ನು ಅಳಿಸಿಬಿಡುವುದಿಲ್ಲವೇ? ಇಲ್ಲ. ಒಂದೇ ಮೊಹಲ್ಲಾದಲ್ಲಿ ಎರಡು ಮನೆಯಲ್ಲಿ ಇಬ್ಬರು ಇಮ್ರಾನ್ ಇರುತ್ತಾರೆ. ಆ ಮನೆಯ ಅಮ್ಮಿ "ಇಮ್ರಾನ್" ಎಂದು ಕರೆದರೆ ಆ ಮನೆಯ ಇಮ್ರಾನ್ ಬರುತ್ತಾನೆ, ಈ ಮನೆಯವನಲ್ಲ. ಫಂಕ್ಷನ್ನಿನ ಒಳಗೆ ಹುಟ್ಟಿದ ಹೆಸರು ಆ ಫಂಕ್ಷನ್ನಿನ ಒಳಗೇ ಇರುತ್ತದೆ, ಕೆಲಸ ಮುಗಿದ ಕೂಡಲೇ ಹೋಗಿಬಿಡುತ್ತದೆ. ಇದನ್ನು ಲೋಕಲ್ ವೇರಿಯಬಲ್ ಎನ್ನುತ್ತಾರೆ. ಇದರಿಂದ ಒಂದು ಅನುಕೂಲ ಇದೆ. ನಾನು ಬರೆದ ಫಂಕ್ಷನ್ನನ್ನು ನೀವು ನಿಮ್ಮ ಪ್ರೋಗ್ರಾಮಿನಲ್ಲಿ ಬಳಸುವಾಗ, ಒಳಗೆ ನಾನು ಯಾವ ಯಾವ ಹೆಸರು ಇಟ್ಟಿದ್ದೇನೆ ಎಂದು ತಿಳಿದುಕೊಳ್ಳಬೇಕಾಗಿಲ್ಲ.

ಖಾಲಿ ಜಾಗ ತುಂಬುವಾಗ ಎಚ್ಚರ

ಡೆಫ್ ಸಾಲಿನಲ್ಲಿ ಬರೆಯುವ ದೂರ, ರಾತ್ರಿ ಎಂಬ ಹೆಸರುಗಳಿಗೆ ಪ್ಯಾರಾಮೀಟರ್ ಎನ್ನುತ್ತಾರೆ. ಕರೆಯುವಾಗ ಕೊಡುವ 6, ಟ್ರೂ ಎಂಬ ಬೆಲೆಗಳಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. ಅಚ್ಚಾಗಿರುವ "ಖಾತೆ ಸಂಖ್ಯೆ", "ಮೊತ್ತ" ಎಂಬ ಅಂಕಣಗಳು ಪ್ಯಾರಾಮೀಟರ್, ನಾವು ಪೆನ್ನಿನಲ್ಲಿ ತುಂಬುವುದು ಆರ್ಗ್ಯುಮೆಂಟ್. ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನು ಕೇಳುತ್ತಾರೆ.

ಚಲನ್ನಿನಲ್ಲಿ ಅಂಕಣ ತಪ್ಪಿಸಿ ತುಂಬಿದರೆ ಕೌಂಟರಿನಲ್ಲಿ ಕುಳಿತವರು ವಾಪಸ್ ಕೊಡುತ್ತಾರೆ. ಫಂಕ್ಷನ್ ವಾಪಸ್ ಕೊಡದೆಯೂ ಇರಬಹುದು. ಬಾಡಿಗೆ(6, ಟ್ರೂ) ಎನ್ನುವ ಬದಲು ಬಾಡಿಗೆ(ಟ್ರೂ, 6) ಎಂದು ಕೊಟ್ಟು ನೋಡಿ. ಯಾವ ಎರರೂ ಬರುವುದಿಲ್ಲ, 54.0 ಎಂಬ ಉತ್ತರ ಬರುತ್ತದೆ. ಯಾಕೆಂದರೆ ಪೈಥಾನ್ ಟ್ರೂ ಎಂಬುದನ್ನು ಹೋಲಿಸುವಾಗ 1 ಎಂದು ಎಣಿಸುತ್ತದೆ, ಸೊನ್ನೆಯಲ್ಲದ ಸಂಖ್ಯೆಯನ್ನು ಹೌದು ಎಂದು ತಿಳಿಯುತ್ತದೆ. ಅದರ ಪ್ರಕಾರ ಇದು ರಾತ್ರಿಯ 1 ಕಿಲೋಮೀಟರ್ ಬಾಡಿಗೆ. ಇದನ್ನು ತಪ್ಪಿಸಲು ಹೆಸರು ಹೇಳಿ ಕೊಡಬಹುದು:

ಬಾಡಿಗೆ(ದೂರ=6, ರಾತ್ರಿ=ಟ್ರೂ)

ಹೀಗೆ ಕೊಟ್ಟರೆ ಯಾವುದನ್ನು ಮೊದಲು ಬರೆದರೂ ತೊಂದರೆ ಇಲ್ಲ. ಓದುವವರಿಗೂ ಏನೆಂದು ಗೊತ್ತಾಗುತ್ತದೆ.

ಯಾವುದು ಒಳಗೆ, ಯಾವುದು ಹೊರಗೆ?

ಫಂಕ್ಷನ್ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಪ್ರತಿ ಸಲವೂ ಬದಲಾಗುವುದು ಯಾವುದು, ಬದಲಾಗದೆ ಇರುವುದು ಯಾವುದು? ಬದಲಾಗುವುದು ಪ್ಯಾರಾಮೀಟರ್ ಆಗಬೇಕು. ಬದಲಾಗದ ನಿಯಮ ಒಳಗೆ ಇರಬೇಕು.

ರಮಜಾನಿನಲ್ಲಿ ನಮ್ಮ ಮನೆಗಳಲ್ಲಿ ಹಾಕುವ ಝಕಾತ್ ಲೆಕ್ಕವನ್ನೇ ನೋಡಿ. ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದ ಸಂಪತ್ತು ನಿಸಾಬನ್ನು ಮುಟ್ಟಿದರೆ ಅದರ ನಲವತ್ತನೇ ಒಂದು ಭಾಗ, ಅಂದರೆ ಶೇಕಡಾ 2.5, ಕೊಡಬೇಕು. ಈ ನಲವತ್ತು ಎಂದಿಗೂ ಬದಲಾಗುವುದಿಲ್ಲ. ನಿಸಾಬ್ 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿ ಎಂದು ಲೆಕ್ಕ ಹಿಡಿಯುತ್ತಾರೆ. ತೂಕ ಬದಲಾಗದು, ಆದರೆ ರೂಪಾಯಿಯಲ್ಲಿ ಅದರ ಬೆಲೆ ದಿನವೂ ಬದಲಾಗುತ್ತದೆ. ಆದ್ದರಿಂದ ನಲವತ್ತು ಒಳಗೆ, ನಿಸಾಬಿನ ಬೆಲೆ ಹೊರಗಿನಿಂದ:

ಡೆಫ್ ಝಕಾತ್(ಸಂಪತ್ತು, ನಿಸಾಬ್):
    ಇಫ್ ಸಂಪತ್ತು < ನಿಸಾಬ್:
        ರಿಟರ್ನ್ 0
    ರಿಟರ್ನ್ ಸಂಪತ್ತು / 40

ಇಲ್ಲಿ ರಿಟರ್ನ್ ಎರಡು ಸಲ ಇದೆ. ಎರಡೂ ನಡೆಯುವುದಿಲ್ಲ. ಯಾವ ರಿಟರ್ನ್ ಮೊದಲು ಸಿಗುತ್ತದೆಯೋ ಅಲ್ಲಿಗೆ ಫಂಕ್ಷನ್ ಮುಗಿಯುತ್ತದೆ. ಸಂಪತ್ತು ನಿಸಾಬಿಗಿಂತ ಕಡಿಮೆ ಇದ್ದರೆ 0 ಕೊಟ್ಟು ಹೊರಗೆ ಬರುತ್ತದೆ, ಕೆಳಗಿನ ಸಾಲಿಗೆ ಹೋಗುವುದೇ ಇಲ್ಲ. ಲೆಕ್ಕಕ್ಕೆಂದು ನಿಸಾಬನ್ನು 1,00,000 ರೂಪಾಯಿ ಎಂದಿಟ್ಟುಕೊಂಡು 2,00,000 ರೂಪಾಯಿ ಸಂಪತ್ತು ಕೊಟ್ಟರೆ 5,000 ಎಂದು ಬರುತ್ತದೆ.

ನಿಯಮವನ್ನು ಒಂದು ಕಡೆ, ಸಂಖ್ಯೆಗಳನ್ನು ಇನ್ನೊಂದು ಕಡೆ ಇಟ್ಟು ಯೋಚಿಸುವುದು ಹೊಸದೇನಲ್ಲ. 9ನೇ ಶತಮಾನದ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯವರ ಬೀಜಗಣಿತದ ಪುಸ್ತಕದಲ್ಲಿ ಆಸ್ತಿ ಪಾಲಿನ ಲೆಕ್ಕಗಳಿಗೆ ದೊಡ್ಡ ಭಾಗವೇ ಇದೆ. ಅಲ್ಗಾರಿದಂ ಎಂಬ ಪದ ಬಂದಿರುವುದು ಅವರ ಹೆಸರಿನಿಂದಲೇ. ಕಂಪ್ಯೂಟರಿಗೆ ಬಂದರೆ, ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಎಂಬ ಯಂತ್ರ 1949ರ ಮೇ 6ರಂದು ಮೊದಲ ಪ್ರೋಗ್ರಾಂ ಓಡಿಸಿತು. ಅಲ್ಲಿನ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಪದೇ ಪದೇ ಬೇಕಾಗುವ ಲೆಕ್ಕಗಳನ್ನು ಬೇರೆ ಬೇರೆ ಕಾಗದದ ಪಟ್ಟಿಗಳಲ್ಲಿ ರಂಧ್ರ ಹೊಡೆದು ಕಪಾಟಿನಲ್ಲಿ ಜೋಡಿಸಿಡುವ ಪದ್ಧತಿ ಮಾಡಿದರು. ಬೇಕಾದವರು ಬೇಕಾದ ಪಟ್ಟಿ ತೆಗೆದು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತಿದ್ದರು. 1951ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಇವತ್ತು ನಾವು ಬಳಸುವ ಫಂಕ್ಷನ್‌ಗಳು ಆ ಕಪಾಟಿನ ಮೊಮ್ಮಕ್ಕಳು.

ಒಂದೇ ವರ್ಷ, ಮೂರು ಬದಲಾವಣೆ

2025ರಲ್ಲಿ ನಮ್ಮ ಕಣ್ಣೆದುರಿಗೇ ಮೂರು ಲೆಕ್ಕಗಳು ಬದಲಾದವು. ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿ ಆಯಿತು. ಆಗಸ್ಟಿನಲ್ಲಿ ಆಟೋ ದರ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ. ತುಪ್ಪ, ಬೆಣ್ಣೆಯ ತೆರಿಗೆ ಶೇಕಡಾ 12ರಿಂದ 5ಕ್ಕೆ, ಟೂತ್‌ಪೇಸ್ಟಿನದು 18ರಿಂದ 5ಕ್ಕೆ ಇಳಿಯಿತು.

ಕೆ.ಆರ್. ಪುರದಿಂದ ಬರುವ ನಮ್ಮ ಗೆಳೆಯರು ಇಂದಿರಾನಗರ, ಹಲಸೂರು ದಾಟಿಕೊಂಡು ಮೆಟ್ರೋದಲ್ಲಿ ಬರುತ್ತಾರೆ. ಪ್ರತಿ ಸ್ಟೇಷನ್ನಿನ ಪ್ರತಿ ಗೇಟಿನಲ್ಲೂ ದರದ ನಿಯಮವನ್ನು ಬೇರೆ ಬೇರೆಯಾಗಿ ಬರೆದಿಟ್ಟಿದ್ದಾರೆ ಎಂದು ಊಹಿಸಿ. ದರ ಏರಿದ ರಾತ್ರಿ ಒಂದು ಗೇಟಿನಲ್ಲಿ ತಿದ್ದಲು ಮರೆತರೆ, ಇಂದಿರಾನಗರದಲ್ಲಿ ಇಳಿದವರಿಗೆ ಒಂದು ದರ, ಹಲಸೂರಿನಲ್ಲಿ ಇಳಿದವರಿಗೆ ಇನ್ನೊಂದು ಕಾಲದ ದರ. ಶಿವಾಜಿನಗರದ ಒಂದು ಕಿರಾಣಿ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಮಾರಾಟದ ಬಿಲ್ಲಿಗೆ ಒಂದು ಸೂತ್ರ, ವಾಪಸ್ ಬಂದ ಸರಕಿಗೆ ಕಾಪಿ ಮಾಡಿದ ಇನ್ನೊಂದು ಸೂತ್ರ ಇದ್ದರೆ, ಗ್ರಾಹಕರಿಂದ ತೆಗೆದುಕೊಂಡದ್ದು ಶೇಕಡಾ 5, ವಾಪಸ್ ಕೊಟ್ಟದ್ದು ಶೇಕಡಾ 18 ಆಗಬಹುದು. ನನ್ನ ಪಟ್ಟಿಯಲ್ಲಿ ಆದದ್ದೂ ಇದೇ. ಅಲ್ಲಿ ನಾಲ್ಕು ಸಾಲಿತ್ತು, ದೊಡ್ಡ ಕಡೆ ನಾಲ್ಕು ಸಾವಿರ ಇರಬಹುದು.

ಬರೆಯುವಾಗ ನೆನಪಿಡಿ

ನನ್ನ ತಪ್ಪಿನಿಂದ ಕಲಿತ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಒಂದೇ ಲೆಕ್ಕವನ್ನು ಎರಡನೇ ಸಲ ಕಾಪಿ ಮಾಡಿ ಅಂಟಿಸಲು ಕೈ ಹೋದರೆ ನಿಲ್ಲಿಸಿ. ಅದು ಫಂಕ್ಷನ್ ಆಗಬೇಕಾದ ಜಾಗ.

ಎರಡು, ಒಂದು ಫಂಕ್ಷನ್ನಿಗೆ ಒಂದೇ ಕೆಲಸ ಕೊಡಿ, ಆ ಕೆಲಸ ಗೊತ್ತಾಗುವ ಹೆಸರಿಡಿ. ಬಾಡಿಗೆ ಎಂಬ ಫಂಕ್ಷನ್ ಬಾಡಿಗೆ ಮಾತ್ರ ಲೆಕ್ಕ ಹಾಕಲಿ. ಪಟ್ಟಿ ಪ್ರಿಂಟ್ ಮಾಡುವುದು ಬೇರೆ ಕೆಲಸ.

ಮೂರು, ಉತ್ತರವನ್ನು ಮುಂದೆ ಬಳಸಬೇಕಿದ್ದರೆ ರಿಟರ್ನ್ ಮಾಡಿ.

ನಾಲ್ಕು, ಪರೀಕ್ಷಿಸಿ. ನಾನು ಮೊದಲ ಎರಡು ಸಾಲು ಮಾತ್ರ ನೋಡಿ ಮೋಸ ಹೋದೆ. ನಿಯಮ ಎಲ್ಲಿ ತಿರುಗುತ್ತದೆಯೋ ಅದರ ಎರಡೂ ಬದಿ ನೋಡಬೇಕು. ಆಟೋ ಲೆಕ್ಕದಲ್ಲಿ 2 ಕಿಲೋಮೀಟರ್ ಮತ್ತು 3 ಕಿಲೋಮೀಟರ್, ಹಗಲೂ ರಾತ್ರಿಯೂ. ಪೆನ್ನು ಹಿಡಿದು ಕಾಗದದ ಮೇಲೆ ಮೊದಲು ಲೆಕ್ಕ ಮಾಡಿ: ಹಗಲು 36 ಮತ್ತು 54, ರಾತ್ರಿ 54 ಮತ್ತು 81. ಆಮೇಲೆ ಪ್ರೋಗ್ರಾಂ ಅದನ್ನೇ ಹೇಳುತ್ತದೆಯೇ ನೋಡಿ. ನಾನು ಈ ಐದು ನಿಮಿಷದ ಕೆಲಸ ಮಾಡಿದ್ದರೆ 81ರ ಜಾಗದಲ್ಲಿ 67.5 ಇದ್ದದ್ದು ಜೆರಾಕ್ಸ್ ಅಂಗಡಿಗೆ ಹೋಗುವ ಮೊದಲೇ ಕಾಣುತ್ತಿತ್ತು.

ಅಭ್ಯಾಸಕ್ಕೆ ಒಂದು ಚಿಕ್ಕ ಲೆಕ್ಕ. ಮೂವರು ಗೆಳೆಯರು ಸೇರಿ ಆಟೋದಲ್ಲಿ ಹೋದರೆ ತಲೆಗೆ ಎಷ್ಟು? ಪಾಲು ಎಂಬ ಹೊಸ ಫಂಕ್ಷನ್ ಬರೆಯಿರಿ, ಅದಕ್ಕೆ ದೂರ, ರಾತ್ರಿ, ಜನ ಎಂಬ ಮೂರು ಪ್ಯಾರಾಮೀಟರ್ ಇರಲಿ. ಅದರೊಳಗೆ 36, 18 ಎಂದು ಮತ್ತೆ ಬರೆಯಬೇಡಿ, ಬಾಡಿಗೆ ಫಂಕ್ಷನ್ನನ್ನೇ ಕರೆದು ಭಾಗಿಸಿ. 6 ಕಿಲೋಮೀಟರ್, ರಾತ್ರಿ, 3 ಜನ ಎಂದು ಕೊಟ್ಟಾಗ 54 ಬಂದರೆ ನೀವು ಫಂಕ್ಷನ್ ಕಲಿತಂತೆ. ಬರದಿದ್ದರೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬಿಗೆ ಬನ್ನಿ, ಕಿಟಕಿಯ ಪಕ್ಕದ ಸಾಲಿನಲ್ಲಿ ಇರುತ್ತೇನೆ.

ಅಬ್ಬಾನ ಮೀಟರಿಗೆ ಈಗ ಹೊಸ ಮುದ್ರೆ ಬಿದ್ದಿದೆ. ನನ್ನ ಪಟ್ಟಿಯ ಅಗತ್ಯ ಅವರಿಗಿಲ್ಲ. ಆದರೂ ತಿದ್ದಿದ ಪಟ್ಟಿಯನ್ನು ತೆಗೆದಿಲ್ಲ, ಸೀಟಿನ ಹಿಂದೆ ಹಾಗೇ ಇದೆ. ಅಮ್ಮಿ ಮಾತ್ರ ನಾನು ಫಂಕ್ಷನ್ ಇದೆ ಎಂದಾಗಲೆಲ್ಲ "ಊಟ ಅಲ್ಲೇನಾ, ಮನೆಯಲ್ಲಾ?" ಎಂದು ಕೇಳುವುದನ್ನು ಬಿಟ್ಟಿಲ್ಲ.